ತಂಪು ಸೀಮೆಗಳ ಬಿಳಿ ವೈನ್: ಮಿಶ್ರಣದ ಲೆಕ್ಕ, ನಾಲಿಗೆಯ ತೀರ್ಪು

ಕಾರಟಗಿ ಎಂದೊಡನೆ ನೆನಪಿಗೆ ಬರುವುದು ಭತ್ತ. ಹಿಂದೆ ಗಂಗಾವತಿ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಗದ್ದೆ, ಅಕ್ಕಿ ಗಿರಣಿ. ಹಳೆ ಅಕ್ಕಿಗೂ ಹೊಸ ಅಕ್ಕಿಗೂ ಇರುವ ವ್ಯತ್ಯಾಸ ಇಲ್ಲಿನ ಪ್ರತಿ ಮನೆಗೂ ಗೊತ್ತು. ಹಳೆ ಅಕ್ಕಿ ಹೆಚ್ಚು ನೀರು ಕುಡಿದು ಅನ್ನ ಉದುರಾಗುತ್ತದೆ. ಹೊಸ ಅಕ್ಕಿ ಬೇಗ ಮೆತ್ತಗಾಗುತ್ತದೆ. ಎರಡನ್ನೂ ಅರ್ಧರ್ಧ ಬೆರೆಸಿ ಒಂದೇ ಪಾತ್ರೆಯಲ್ಲಿಟ್ಟರೆ ನಡುವಿನ ಹದದ ಅನ್ನ ಸಿಗುತ್ತದೆಯೇ? ಇಲ್ಲ. ಕೆಲವು ಕಾಳು ಉದುರು, ಕೆಲವು ಮುದ್ದೆ. ತೂಕ ಕೂಡಿಕೊಂಡಿತು, ಹದ ಕೂಡಿಕೊಳ್ಳಲಿಲ್ಲ.

ಬೆರೆಸಿದಾಗ ಯಾವ ಗುಣ ಲೆಕ್ಕದಂತೆ ಕೂಡುತ್ತದೆ, ಯಾವುದು ಕೂಡುವುದಿಲ್ಲ? ಭೌತವಿಜ್ಞಾನ, ರಸಾಯನವಿಜ್ಞಾನ ಮತ್ತು ಇಂದ್ರಿಯವಿಜ್ಞಾನ ಮೂರೂ ಕೂಡುವ ಜಾಗದಲ್ಲಿ ಈ ಪ್ರಶ್ನೆ ಇದೆ. ಇದನ್ನು ಸ್ಪಷ್ಟವಾಗಿ ತೋರಿಸುವ ಒಂದು ವಸ್ತುವೆಂದರೆ ಬೇರೆ ಬೇರೆ ತಂಪು ಸೀಮೆಗಳ ದ್ರಾಕ್ಷಿಯಿಂದ ಮಾಡಿ ಬೆರೆಸಿದ ಬಿಳಿ ವೈನ್. ಈ ಲೇಖನ ಮದ್ಯಪಾನಕ್ಕೆ ಆಹ್ವಾನವಲ್ಲ. ವೃತ್ತಿಪರ ಪರೀಕ್ಷಕರು ಸಹ ಬಾಯಲ್ಲಿ ಆಡಿಸಿದ ವೈನನ್ನು ನುಂಗದೆ ಉಗುಳುತ್ತಾರೆ. ತರಗತಿಯಲ್ಲಿ ಮಾಡಬಹುದಾದ ಪ್ರಯೋಗಕ್ಕೆ ದ್ರಾಕ್ಷಿ ರಸ, ನಿಂಬೆ, ಹುಣಸೆಹಣ್ಣು ಸಾಕು; ಅದನ್ನು ಕೊನೆಯಲ್ಲಿ ವಿವರಿಸಿದೆ.

ತಂಪು ಎಲ್ಲಿಂದ ಬರುತ್ತದೆ?

ದ್ರಾಕ್ಷಿ ನಮಗೆ ಹೊಸದಲ್ಲ. ನಮ್ಮ ಜಿಲ್ಲೆಯ ಕುಷ್ಟಗಿ ಭಾಗದಲ್ಲಿ ದ್ರಾಕ್ಷಿ, ದಾಳಿಂಬೆ ತೋಟಗಳಿವೆ. ನೆರೆಯ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದ್ರಾಕ್ಷಿಗೂ ಒಣದ್ರಾಕ್ಷಿಗೂ ಹೆಸರಾದವು. ಕೊಪ್ಪಳ ಜಿಲ್ಲೆಯಲ್ಲೇ ಕೆಆರ್‌ಎಸ್‌ಎಂಎ ಎಸ್ಟೇಟ್ಸ್ ‘ಹಂಪಿ ಹಿಲ್ಸ್’ ಎಂಬ ಹೆಸರಿನ ತೋಟದಲ್ಲಿ ಸಾವಿನ್ಯೋಂ ಬ್ಲಾಂಕ್‌ನಂಥ ಬಿಳಿ ವೈನ್ ತಳಿಯನ್ನೂ ಬೆಳೆಸಿದೆ. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ಸಂಸ್ಥೆ 1990ರ ದಶಕದಿಂದ ವೈನ್ ತಯಾರಿಸುತ್ತ ಬಂದಿದೆ. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೇ ರೂಪಿಸಿತು. ಆದರೆ ಇವುಗಳಲ್ಲಿ ಯಾವುದನ್ನೂ ಜಗತ್ತಿನ ವೈನ್ ಭೂಪಟ ‘ತಂಪು ಸೀಮೆ’ ಎಂದು ಕರೆಯುವುದಿಲ್ಲ. ಏಕೆ?

ದ್ರಾಕ್ಷಿ ಸೀಮೆಗಳನ್ನು ತಾಪದ ಮೇಲೆ ವಿಂಗಡಿಸುವ ಪ್ರಸಿದ್ಧ ವಿಧಾನವನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅಮರೀನ್ ಮತ್ತು ವಿಂಕ್ಲರ್ 1944ರಲ್ಲಿ ಮುಂದಿಟ್ಟರು. ದ್ರಾಕ್ಷಿ ಬಳ್ಳಿ ಸುಮಾರು 10° ಸೆ.ಗಿಂತ ಕೆಳಗೆ ಬೆಳೆಯುವುದಿಲ್ಲ. ಆದ್ದರಿಂದ ಪ್ರತಿ ದಿನದ ಸರಾಸರಿ ತಾಪದಿಂದ 10 ಕಳೆದು, ಉಳಿದದ್ದನ್ನು ಬೆಳವಣಿಗೆಯ ಏಳು ತಿಂಗಳೂ ಕೂಡಿಸುತ್ತ ಹೋಗಬೇಕು. ಈ ಮೊತ್ತಕ್ಕೆ ‘ಡಿಗ್ರಿ-ದಿನ’ ಎನ್ನುತ್ತಾರೆ. ಇದು ಸುಮಾರು 1,390ಕ್ಕಿಂತ ಕಡಿಮೆ ಇದ್ದರೆ ಆ ಸೀಮೆ ಅತ್ಯಂತ ತಂಪಾದ ಮೊದಲ ವರ್ಗಕ್ಕೆ ಸೇರುತ್ತದೆ. ನಮ್ಮ ಕಡೆ ಸರಾಸರಿ 25° ಸೆ. ಇರುವ 120 ದಿನಗಳನ್ನು ತೆಗೆದುಕೊಳ್ಳಿ: 15 × 120 = 1,800. ತಂಪು ಸೀಮೆಯ ಬಳ್ಳಿ ಏಳು ತಿಂಗಳಲ್ಲೂ ಕಾಣದಷ್ಟು ಬಿಸಿಯನ್ನು ನಮ್ಮ ಬಳ್ಳಿ ನಾಲ್ಕೇ ತಿಂಗಳಲ್ಲಿ ಉಂಡಿರುತ್ತದೆ.

ತಂಪನ್ನು ಮೂರು ದಾರಿಗಳಿಂದ ಪಡೆಯಬಹುದು. ಮೊದಲನೆಯದು ಅಕ್ಷಾಂಶ. ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದ ಹೊಬಾರ್ಟ್ ನಗರ ಸುಮಾರು 43° ದಕ್ಷಿಣ ಅಕ್ಷಾಂಶದಲ್ಲಿದೆ. ಅಲ್ಲಿ ಜನವರಿ ಎಂದರೆ ನಡು ಬೇಸಿಗೆ. ಆದರೂ ಆ ತಿಂಗಳ ಸರಾಸರಿ ತಾಪ ಸುಮಾರು 17° ಸೆ. ಮಾತ್ರ. ಕಾರಟಗಿಯಲ್ಲಿ ಜನವರಿ ಚಳಿಗಾಲ. ಆದರೂ ಹಗಲಿನ ತಾಪ 30ರ ಆಸುಪಾಸಿಗೆ ಏರುತ್ತದೆ. ಅವರ ಬೇಸಿಗೆಗಿಂತ ನಮ್ಮ ಚಳಿಗಾಲವೇ ಬಿಸಿ!

ಎರಡನೆಯದು ಎತ್ತರ. ವಾಯುಮಂಡಲದಲ್ಲಿ ಪ್ರತಿ 1,000 ಮೀಟರ್ ಏರಿದಂತೆ ತಾಪ ಸರಾಸರಿ 6.5° ಸೆ. ಇಳಿಯುತ್ತದೆ. ಕಾರಟಗಿ ಸಮುದ್ರಮಟ್ಟದಿಂದ ಸುಮಾರು 400 ಮೀ., ದೊಡ್ಡಬಳ್ಳಾಪುರ ಸುಮಾರು 900 ಮೀ. ಎತ್ತರದಲ್ಲಿವೆ. 500 ಮೀಟರಿನ ಈ ಅಂತರ ಸುಮಾರು 3° ಸೆ. ತಂಪನ್ನು ಕೊಡುತ್ತದೆ. ಮೂರು ಡಿಗ್ರಿ ಕಡಿಮೆಯೇನಲ್ಲ. 120 ದಿನಕ್ಕೆ 360 ಡಿಗ್ರಿ-ದಿನಗಳ ವ್ಯತ್ಯಾಸ.

ಮೂರನೆಯದು ಪಂಚಾಂಗ. ನಮ್ಮ ರೈತರು ದ್ರಾಕ್ಷಿಗೆ ವರ್ಷಕ್ಕೆ ಎರಡು ಬಾರಿ ಚಾಟನಿ ಮಾಡುತ್ತಾರೆ: ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ. ಹಣ್ಣು ಬೆಳೆಯುವುದು ಎರಡನೆಯ ಚಾಟನಿಯ ನಂತರ, ಚಳಿಗಾಲದಲ್ಲಿ. ತಂಪಾದ ಜಾಗಕ್ಕೆ ಹೋಗಲಾರದ ರೈತ ತಂಪಾದ ಕಾಲಕ್ಕೆ ಬೆಳೆಯನ್ನು ಸರಿಸಿದ್ದಾನೆ. ಇದು ಜಾಣತನ. ಆದರೆ ಒಂದು ತೊಡಕು ಉಳಿಯುತ್ತದೆ. ಟಾಸ್ಮೇನಿಯಾದಲ್ಲಿ ಹಣ್ಣು ಮಾಗುವುದು ಮಾರ್ಚ್-ಏಪ್ರಿಲ್‌ನಲ್ಲಿ, ಅಂದರೆ ಬೇಸಿಗೆ ಮುಗಿದು ದಿನಗಳು ತಂಪಾಗುತ್ತ ಹೋಗುವಾಗ. ನಮ್ಮಲ್ಲಿ ಮಾಗುವುದು ಫೆಬ್ರವರಿ-ಮಾರ್ಚ್‌ನಲ್ಲಿ, ಬಿಸಿಲು ದಿನೇ ದಿನೇ ಏರುವಾಗ. ಒಟ್ಟು ಬಿಸಿ ಎಷ್ಟು ಎಂಬುದಷ್ಟೇ ಅಲ್ಲ, ಅದು ಯಾವ ಹಂತದಲ್ಲಿ ಬರುತ್ತದೆ ಎಂಬುದೂ ಹಣ್ಣಿಗೆ ಮುಖ್ಯ.

ಹಣ್ಣಿನೊಳಗಿನ ಹುಳಿ

ದ್ರಾಕ್ಷಿಯಲ್ಲಿ ಎರಡು ಮುಖ್ಯ ಆಮ್ಲಗಳಿವೆ. ಒಂದು ಟಾರ್ಟಾರಿಕ್ ಆಮ್ಲ. ನಮ್ಮ ಹುಣಸೆಹಣ್ಣಿನ ಹುಳಿಯೂ ಬಹುಪಾಲು ಇದೇ. ಇನ್ನೊಂದು ಮ್ಯಾಲಿಕ್ ಆಮ್ಲ. ಸೇಬಿನ ಹುಳಿ ಇದು. ಕಾಯಿ ಗಟ್ಟಿಯಾಗಿ ಹಸಿರಾಗಿರುವಾಗ ಎರಡೂ ಹೇರಳ. ಕಾಯಿ ಮೃದುವಾಗಿ ಹಣ್ಣಾಗತೊಡಗಿದ ಮೇಲೆ ಸಕ್ಕರೆ ಏರುತ್ತದೆ, ಆಮ್ಲ ಇಳಿಯುತ್ತದೆ. ಆದರೆ ಎರಡು ಆಮ್ಲಗಳೂ ಒಂದೇ ರೀತಿ ಇಳಿಯುವುದಿಲ್ಲ. ಟಾರ್ಟಾರಿಕ್ ಆಮ್ಲ ಬಹುಮಟ್ಟಿಗೆ ಸ್ಥಿರ. ಮ್ಯಾಲಿಕ್ ಆಮ್ಲವನ್ನು ಮಾತ್ರ ಹಣ್ಣಿನ ಜೀವಕೋಶಗಳು ಉಸಿರಾಟದಲ್ಲಿ ಇಂಧನದಂತೆ ಸುಡುತ್ತವೆ. ಸಾಮಾನ್ಯವಾಗಿ ತಾಪ 10° ಸೆ. ಏರಿದರೆ ಉಸಿರಾಟದ ದರ ಸುಮಾರು ಇಮ್ಮಡಿಯಾಗುತ್ತದೆ. ಹಗಲಿಗಷ್ಟೇ ಅಲ್ಲ, ರಾತ್ರಿಗೂ ಇದು ಅನ್ವಯಿಸುತ್ತದೆ. ರಾತ್ರಿ ದ್ಯುತಿಸಂಶ್ಲೇಷಣೆ ನಿಂತಿರುತ್ತದೆ, ಉಸಿರಾಟ ನಿಂತಿರುವುದಿಲ್ಲ. ಸೆಖೆಯ ರಾತ್ರಿಗಳಲ್ಲಿ ಹಣ್ಣು ತನ್ನ ಹುಳಿಯನ್ನು ತಾನೇ ಉರಿಸಿಕೊಳ್ಳುತ್ತದೆ.

ಹೀಗಾಗಿ ಬಿಸಿ ಸೀಮೆಯ ದ್ರಾಕ್ಷಿ ತಿನ್ನಲು ಸಿಹಿ, ಒಣದ್ರಾಕ್ಷಿಗೆ ಅತ್ಯುತ್ತಮ. ಬಿಳಿ ವೈನಿಗೆ ಮಾತ್ರ ಹುಳಿ ಸಾಲದು. ಹುದುಗುವಾಗ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ 1 ಶೇಕಡಾ ಆಲ್ಕೊಹಾಲ್ ಆಗುತ್ತದೆ. ಸಕ್ಕರೆ ಹೆಚ್ಚಿದ್ದು ಆಮ್ಲ ಕಡಿಮೆಯಾದರೆ ವೈನ್ ಸಪ್ಪೆಯಾಗಿ, ಉರಿಯಾಗಿ ತೋರುತ್ತದೆ. ತಂಪು ಸೀಮೆಯಲ್ಲಿ ಹಣ್ಣು ನಿಧಾನವಾಗಿ ಮಾಗುವುದರಿಂದ ಪರಿಮಳದ ಅಣುಗಳು ರೂಪುಗೊಳ್ಳುವಷ್ಟು ಕಾಲ ಸಿಗುತ್ತದೆ, ಅಷ್ಟರಲ್ಲಿ ಹುಳಿ ಕರಗಿಹೋಗಿರುವುದಿಲ್ಲ.

ಬೇರೆ ಬೇರೆ ಸೀಮೆಗಳನ್ನು ಸೇರಿಸುವುದೇಕೆ?

‘ಬೆರಕೆ’ ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಅರ್ಥವಿಲ್ಲ. ಬೆರಕೆ ಎಂದರೆ ಮೋಸ ಎಂದೇ ಭಾವನೆ. ಆದರೆ ಹೇಳಿ ಬೆರೆಸುವುದು ಬೇರೆ, ಬಚ್ಚಿಟ್ಟು ಬೆರೆಸುವುದು ಬೇರೆ. ಆಸ್ಟ್ರೇಲಿಯದ ಕಾನೂನಿನಂತೆ ಶೀಶೆಯ ಮೇಲೆ ಒಂದೇ ಸೀಮೆಯ ಹೆಸರು ಹಾಕಬೇಕಾದರೆ ಒಳಗಿನ ವೈನಿನ ಕನಿಷ್ಠ 85 ಶೇಕಡಾ ಆ ಸೀಮೆಯದಾಗಿರಬೇಕು.

ಹೇಳಿ ಬೆರೆಸಿದ ವೈನಿಗೆ ಒಳ್ಳೆಯ ಉದಾಹರಣೆ ಅದೇ ದೇಶದ ಪೆನ್‌ಫೋಲ್ಡ್ಸ್ ಸಂಸ್ಥೆಯ ‘ಯಟ್ಟಾರ್ನಾ’. ಇದು ಶಾರ್ಡನೇ ಎಂಬ ಬಿಳಿ ದ್ರಾಕ್ಷಿ ತಳಿಯದು. ದ್ರಾಕ್ಷಿ ಬರುವುದು ಟಾಸ್ಮೇನಿಯಾ ದ್ವೀಪ, ದಕ್ಷಿಣ ಆಸ್ಟ್ರೇಲಿಯದ ಅಡಿಲೇಡ್ ಹಿಲ್ಸ್, ನ್ಯೂ ಸೌತ್ ವೇಲ್ಸ್‌ನ ಬೆಟ್ಟದ ಸೀಮೆ ಟುಂಬರುಂಬಾ, ವಿಕ್ಟೋರಿಯದ ಕರಾವಳಿಯ ಹೆಂಟಿ ಮುಂತಾದ ತಂಪು ಸೀಮೆಗಳಿಂದ. ಯಾವ ಸೀಮೆಯದು ಎಷ್ಟು ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಗಮನಿಸಿ: ಇಲ್ಲಿ ಟಾಸ್ಮೇನಿಯಾದ ತಂಪು ಅಕ್ಷಾಂಶದಿಂದ ಬಂದದ್ದು, ಅಡಿಲೇಡ್ ಹಿಲ್ಸ್ ಮತ್ತು ಟುಂಬರುಂಬಾದ ತಂಪಿನಲ್ಲಿ ಎತ್ತರದ ಪಾಲು ದೊಡ್ಡದು, ಹೆಂಟಿಯದಕ್ಕೆ ಸಮುದ್ರದ ಗಾಳಿಯೂ ಕಾರಣ. ಮೊದಲ ಬಾರಿಗೆ 1995ರ ಸುಗ್ಗಿಯ ದ್ರಾಕ್ಷಿಯಿಂದ ಮಾಡಿ 1998ರಲ್ಲಿ ಹೊರತಂದರು. ಅದಕ್ಕೆ ‘ಬಿನ್ 144’ ಎಂಬ ಸಂಖ್ಯೆಯೂ ಉಂಟು. 144 ಪ್ರಾಯೋಗಿಕ ತಯಾರಿಕೆಗಳ ನಂತರ ಒಪ್ಪಿಗೆಯಾದದ್ದು ಎಂಬ ಸೂಚನೆ ಅದು. ‘ಯಟ್ಟಾರ್ನಾ’ ಎಂಬುದು ಆಸ್ಟ್ರೇಲಿಯದ ಮೂಲನಿವಾಸಿಗಳ ಭಾಷೆಯ ಪದ. ‘ಸ್ವಲ್ಪ ಸ್ವಲ್ಪವಾಗಿ’ ಎಂದು ಅರ್ಥ. ಫ್ರಾನ್ಸಿನ ಶಾಂಪೇನ್ ಕೂಡ ಹಲವು ಹಳ್ಳಿಗಳ ವೈನುಗಳನ್ನು ಬೆರೆಸಿಯೇ ತಯಾರಾಗುವಂಥದು.

ಹೀಗೆ ಬೆರೆಸುವುದರಲ್ಲಿ ಸಂಖ್ಯಾಶಾಸ್ತ್ರದ ಒಂದು ಲಾಭವಿದೆ. ಒಂದು ಸೀಮೆಯ ದ್ರಾಕ್ಷಿಯ ಆಮ್ಲ ವರ್ಷದಿಂದ ವರ್ಷಕ್ಕೆ ಸರಾಸರಿಯ ಆಚೆ ಈಚೆ ಲೀಟರಿಗೆ 1 ಗ್ರಾಂನಷ್ಟು ಓಲಾಡುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಸೀಮೆಗಳ ಹವಾಮಾನ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿದರೆ, ಸಮಪಾಲು ಮಿಶ್ರಣದ ಓಲಾಟ 4ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಅರ್ಧ ಗ್ರಾಂ ಆಗುತ್ತದೆ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ನಾಲ್ಕು ಬಾರಿ ಮಾಡಿ ಸರಾಸರಿ ತೆಗೆಯುವುದೂ ಇದೇ ಕಾರಣಕ್ಕೆ. ಆದರೆ ಒಂದೇ ಬಿಸಿಗಾಳಿ ನಾಲ್ಕೂ ಸೀಮೆಗಳನ್ನು ಒಮ್ಮೆಲೇ ಬಡಿದರೆ ಈ ಲಾಭ ಕುಗ್ಗುತ್ತದೆ. ಭೂಮಿಯ ಸರಾಸರಿ ತಾಪ ಏರುತ್ತಿರುವ ಈ ಕಾಲದಲ್ಲಿ ಇದು ಬರಿಯ ಊಹೆಯಲ್ಲ.

ಕೂಡಿಸಿದರೆ ಕೂಡುವ ಗುಣಗಳು

ಒಟ್ಟು ಆಮ್ಲ, ಉಳಿದ ಸಕ್ಕರೆ ಇವು ದ್ರವದಲ್ಲಿರುವ ವಸ್ತುವಿನ ಪ್ರಮಾಣಗಳು. ಬೆರೆಸಿದಾಗ ಇವು ಪಾಲಿನ ಸರಾಸರಿಗೆ ಬರುತ್ತವೆ. ಲೀಟರಿಗೆ 8 ಗ್ರಾಂ ಆಮ್ಲದ ವೈನ್ ಒಂದು, 5 ಗ್ರಾಂನದು ಇನ್ನೊಂದು. 6 ಗ್ರಾಂನದು ಬೇಕು. ಬೇಕಾದದ್ದಕ್ಕೂ ಕಡಿಮೆಯದಕ್ಕೂ ಇರುವ ಅಂತರ 1; ಹೆಚ್ಚಿನದಕ್ಕೂ ಬೇಕಾದದ್ದಕ್ಕೂ ಇರುವ ಅಂತರ 2. ಆದ್ದರಿಂದ ಹುಳಿಯದು 1 ಪಾಲು, ಸಪ್ಪೆಯದು 2 ಪಾಲು. ತಾಳೆ ನೋಡಿ: (8 + 5 + 5) ÷ 3 = 6. ಬೇರೆ ಬೇರೆ ದರದ ಎರಡು ಅಕ್ಕಿ ಬೆರೆಸಿ ನಡುವಿನ ದರ ತರುವ ಶಾಲೆಯ ಲೆಕ್ಕವೂ ಇದೇ.

ಆಲ್ಕೊಹಾಲ್ ಸಹ ಹೆಚ್ಚುಕಡಿಮೆ ಹೀಗೆಯೇ. ‘ಹೆಚ್ಚುಕಡಿಮೆ’ ಎಂದದ್ದಕ್ಕೆ ಕಾರಣವಿದೆ. 50 ಮಿ.ಲೀ. ನೀರಿಗೆ 50 ಮಿ.ಲೀ. ಶುದ್ಧ ಎಥನಾಲ್ ಸೇರಿಸಿದರೆ 100 ಅಲ್ಲ, ಸುಮಾರು 96-97 ಮಿ.ಲೀ. ದ್ರವ ಸಿಗುತ್ತದೆ, ಅಣುಗಳು ಒತ್ತೊತ್ತಾಗಿ ಕೂರುತ್ತವೆ. ರಾಶಿ ಕೂಡುತ್ತದೆ, ಗಾತ್ರ ಕೂಡುವುದಿಲ್ಲ. 12 ಮತ್ತು 13 ಶೇಕಡಾದ ಎರಡು ವೈನುಗಳನ್ನು ಬೆರೆಸುವಾಗ ಈ ವ್ಯತ್ಯಾಸ ಅಳತೆಗೆ ಸಿಗದಷ್ಟು ಸಣ್ಣದು.

ಕೂಡಿಸಿದರೂ ಕೂಡದ ಗುಣಗಳು

ಈಗ ಪಿಎಚ್ ನೋಡೋಣ. ಒಂದು ವೈನಿನ ಪಿಎಚ್ 3.0, ಇನ್ನೊಂದರದು 3.6. ಸಮಪಾಲು ಬೆರೆಸಿದರೆ 3.3 ಎಂದು ವಿದ್ಯಾರ್ಥಿಗಳು ಥಟ್ಟನೆ ಹೇಳುತ್ತಾರೆ. ಪಿಎಚ್ ಲಾಗರಿದಮ್ ಮಾನ ಎಂದು ನೆನಪಿರುವವರು ಹೈಡ್ರೊಜನ್ ಅಯಾನುಗಳ ಸಾರತೆಯನ್ನು ಸರಾಸರಿ ಮಾಡುತ್ತಾರೆ: ಲೀಟರಿಗೆ 0.001 ಮೋಲ್ ಮತ್ತು 0.00025 ಮೋಲ್; ಸರಾಸರಿ 0.000625, ಪಿಎಚ್ 3.2. ಎರಡನೆಯದು ಜಾಣ ಉತ್ತರ, ಆದರೂ ಖಚಿತ ಉತ್ತರವಲ್ಲ. ವೈನಿನಲ್ಲಿರುವುದು ದುರ್ಬಲ ಆಮ್ಲಗಳು ಮತ್ತು ಅವುಗಳ ಪೊಟ್ಯಾಸಿಯಂ ಲವಣಗಳು. ಅಂದರೆ ಅದೊಂದು ಬಫರ್. ಬೆರೆತೊಡನೆ ಕೆಲವು ಅಯಾನುಗಳು ಆಮ್ಲದ ಅಣುಗಳಾಗುತ್ತವೆ, ಕೆಲವು ಅಣುಗಳು ಒಡೆಯುತ್ತವೆ. ಕೊನೆಗೆ ಪಿಎಚ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಎರಡರ ಬಫರ್ ಬಲ ನಿರ್ಧರಿಸುತ್ತದೆ. ಬೆರೆಸಿ ಅಳೆದು ನೋಡುವುದೇ ಸರಿ.

ಇನ್ನೊಂದು ಸೋಜಿಗವಿದೆ. ಎರಡು ತಿಳಿಯಾದ ವೈನುಗಳು ಬೆರೆತ ಮೇಲೆ ಹರಳು ಬಿಡಬಹುದು. ಪೊಟ್ಯಾಸಿಯಂ ಬೈಟಾರ್ಟ್ರೇಟ್ ಲವಣ ಎಷ್ಟು ಕರಗುತ್ತದೆ ಎಂಬುದು ತಾಪ, ಆಲ್ಕೊಹಾಲ್, ಪಿಎಚ್ ಮೂರನ್ನೂ ಅವಲಂಬಿಸಿದೆ. ಒಂದರಲ್ಲಿ ಪೊಟ್ಯಾಸಿಯಂ ಹೆಚ್ಚು, ಇನ್ನೊಂದರಲ್ಲಿ ಟಾರ್ಟಾರಿಕ್ ಆಮ್ಲ ಹೆಚ್ಚು ಇದ್ದರೆ, ಬೆರೆತಾಗ ಕರಗುವ ಮಿತಿ ಮೀರಿ ತಳದಲ್ಲಿ ಗಾಜಿನ ಪುಡಿಯಂಥ ಹರಳು ಕೂರುತ್ತದೆ. ಅದು ಹಾನಿಕರವಲ್ಲ, ಬೇಕರಿಯವರು ಬಳಸುವ ಕ್ರೀಮ್ ಆಫ್ ಟಾರ್ಟರ್ ಪುಡಿಯೇ ಅದು.

ಎಲ್ಲಕ್ಕಿಂತ ಹಟಮಾರಿ ಗುಣವೆಂದರೆ ಪರಿಮಳ. ಸಾವಿನ್ಯೋಂ ಬ್ಲಾಂಕ್ ದ್ರಾಕ್ಷಿಯಲ್ಲಿ ಮೀಥಾಕ್ಸಿಪೈರಜೀನ್ ವರ್ಗದ ಅಣುಗಳಿವೆ; ಹಸಿ ದೊಣ್ಣೆಮೆಣಸಿನಕಾಯಿಯ ಘಮ ಬರುವುದೂ ಇವುಗಳಿಂದಲೇ. ಬಿಸಿಲು, ಬಿಸಿ ಹೆಚ್ಚಿದಷ್ಟೂ ಇವು ಹಣ್ಣಿನಲ್ಲಿ ಕಡಿಮೆಯಾಗುತ್ತವೆ, ತಂಪು ಸೀಮೆಯಲ್ಲಿ ಉಳಿದುಕೊಳ್ಳುತ್ತವೆ. ಲೀಟರಿಗೆ ಸುಮಾರು 2 ನ್ಯಾನೊಗ್ರಾಂ ಇದ್ದರೂ ಮನುಷ್ಯನ ಮೂಗು ಇವನ್ನು ಹಿಡಿಯುತ್ತದೆ. ಇದು ಎಷ್ಟು ಸಣ್ಣ ಪ್ರಮಾಣ? 25 ಮೀ. ಉದ್ದ, 20 ಮೀ. ಅಗಲ, 2 ಮೀ. ಆಳದ ಹೊಂಡದಲ್ಲಿ 10 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಅಷ್ಟು ನೀರಿಗೆ ಕೇವಲ 2 ಮಿಲಿಗ್ರಾಂ!

ಹೊಸ್ತಿಲಿನಂಥ ಈ ಮಿತಿಯೇ ಮಿಶ್ರಣದ ಲೆಕ್ಕವನ್ನು ಕೆಡಿಸುವುದು. ಒಂದು ವೈನಿನಲ್ಲಿ ಈ ಅಣು ಲೀಟರಿಗೆ 6 ನ್ಯಾನೊಗ್ರಾಂ ಇದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ ಎಂದುಕೊಳ್ಳೋಣ. ಸಮಪಾಲು ಬೆರೆಸಿದರೆ 3; ಹಸಿರು ಘಮ ಇದ್ದೇ ಇರುತ್ತದೆ. ಒಂದಕ್ಕೆ ನಾಲ್ಕು ಪಾಲು ಬೆರೆಸಿದರೆ 1.2, ಘಮ ಐದರಲ್ಲೊಂದು ಪಾಲು ಉಳಿಯುವುದಿಲ್ಲ, ಪೂರ್ತಿ ಮಾಯವಾಗುತ್ತದೆ. ಉಪಕರಣಕ್ಕೆ ಅಣು ಸಿಗುತ್ತದೆ, ಮೂಗಿಗೆ ಸಿಗುವುದಿಲ್ಲ. ಇದಲ್ಲದೆ ಒಂದು ಪರಿಮಳ ಇನ್ನೊಂದನ್ನು ಅದುಮುತ್ತದೆ. ಆಸ್ಟ್ರೇಲಿಯದ ಡೇವಿಡ್ ಲೈಂಗ್ ಮತ್ತು ಸಹೋದ್ಯೋಗಿಗಳು 1989ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಲವು ವಾಸನೆಗಳ ಮಿಶ್ರಣದಲ್ಲಿ ಮನುಷ್ಯರು ಮೂರು-ನಾಲ್ಕಕ್ಕಿಂತ ಹೆಚ್ಚು ವಾಸನೆಗಳನ್ನು ಬಿಡಿಸಿ ಗುರುತಿಸಲಾರರು ಎಂದು ಕಂಡುಬಂತು. ಶೀಶೆಯ ಮೇಲೆ ಹತ್ತು ಹಣ್ಣು, ಹೂಗಳ ಹೆಸರು ಓದಿದಾಗ ಇದು ನೆನಪಿರಲಿ.

ಲೋಟದಿಂದ ಮೂಗಿಗೆ, ಬಾಯಿಗೆ

ಲೆಕ್ಕ ನಿಂತಲ್ಲಿ ರುಚಿ ನೋಡುವ ಕೆಲಸ ಶುರುವಾಗುತ್ತದೆ. ಇದಕ್ಕಾಗಿ 1977ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಒಂದು ಲೋಟವನ್ನೇ ಗೊತ್ತುಮಾಡಿತು. ಸುಮಾರು 215 ಮಿ.ಲೀ. ಹಿಡಿಯುವ, ಬಾಯಿ ಕಿರಿದಾದ ಲೋಟ. ಅದರಲ್ಲಿ 50 ಮಿ.ಲೀ. ಮಾತ್ರ ಹಾಕಬೇಕು. ಉಳಿದ ಜಾಗ ಆವಿಗೆ. ಲೋಟವನ್ನು ತಿರುಗಿಸಿದಾಗ ದ್ರವದ ಮೇಲ್ಮೈ ಹಿಗ್ಗಿ ಬಾಷ್ಪಶೀಲ ಅಣುಗಳು ಬೇಗ ಮೇಲೇಳುತ್ತವೆ.

ತಾಪದ ಪಾತ್ರ ಇಲ್ಲಿಯೂ ದೊಡ್ಡದು. ತಾಪ ಏರಿದಂತೆ ಆವಿ ಒತ್ತಡ ಏರುತ್ತದೆ. ಫ್ರಿಜ್‌ನಿಂದ ಆಗಷ್ಟೇ ತೆಗೆದ ವೈನಿನಲ್ಲಿ ಪರಿಮಳ ಮುದುಡಿರುತ್ತದೆ, ತಪ್ಪೂ ಮುಚ್ಚಿಹೋಗುತ್ತದೆ. ತೀರ ಬಿಸಿಯಾದರೆ ಆಲ್ಕೊಹಾಲಿನ ಆವಿಯೇ ಮುಂದಾಗಿ ಮೂಗು ಉರಿಯುತ್ತದೆ. ಬಿಳಿ ವೈನನ್ನು ಸಾಮಾನ್ಯವಾಗಿ 8ರಿಂದ 12° ಸೆ.ನಲ್ಲಿ ನೋಡುತ್ತಾರೆ. ಎರಡು ಮಾದರಿಗಳನ್ನು ಹೋಲಿಸುವಾಗ ಎರಡರ ತಾಪವೂ ಒಂದೇ ಇರಬೇಕು; ಇಲ್ಲವಾದರೆ ಹೋಲಿಕೆ ವೈನುಗಳದ್ದಲ್ಲ, ತಾಪಗಳದ್ದಾಗುತ್ತದೆ.

ಲೋಟದ ಒಳಗೋಡೆಯಲ್ಲಿ ಹನಿಗಳು ಏರಿ ಕಣ್ಣೀರಿನಂತೆ ಇಳಿಯುವುದನ್ನು ಕೆಲವರು ಉತ್ತಮ ವೈನಿನ ಗುರುತು ಎನ್ನುತ್ತಾರೆ. ಅದು ಶುದ್ಧ ಭೌತವಿಜ್ಞಾನ. ಗೋಡೆಗಂಟಿದ ತೆಳು ಪದರದಿಂದ ಆಲ್ಕೊಹಾಲ್ ಬೇಗ ಆವಿಯಾಗುತ್ತದೆ. ಅಲ್ಲಿ ನೀರಿನ ಪಾಲು ಹೆಚ್ಚಿ ಮೇಲ್ಮೈ ಎಳೆತ ಏರುತ್ತದೆ. ಅದು ಕೆಳಗಿನ ದ್ರವವನ್ನು ಮೇಲಕ್ಕೆ ಎಳೆಯುತ್ತದೆ. ಭಾರವಾದಾಗ ಹನಿ ಜಾರುತ್ತದೆ. ಜೇಮ್ಸ್ ಥಾಮ್ಸನ್ 1855ರಲ್ಲಿ ಇದನ್ನು ವಿವರಿಸಿದರು. ಇಂದು ಇದಕ್ಕೆ ಇಟಲಿಯ ಮರಂಗೋನಿಯ ಹೆಸರಿದೆ. ಲೋಟವನ್ನು ಮುಚ್ಚಿದರೆ ಆವಿಯಾಗುವುದು ನಿಂತು ಕಣ್ಣೀರೂ ನಿಲ್ಲುತ್ತದೆ. ಗುಣಮಟ್ಟ ಮುಚ್ಚಳದಿಂದ ಬದಲಾಗದು ತಾನೇ?

ಇನ್ನು ನಾಲಿಗೆ. ತುದಿಯಲ್ಲಿ ಸಿಹಿ, ಬದಿಯಲ್ಲಿ ಹುಳಿ, ಹಿಂದೆ ಕಹಿ ಎಂಬ ನಾಲಿಗೆಯ ನಕ್ಷೆಯನ್ನು ನಾವೆಲ್ಲ ಶಾಲೆಯಲ್ಲಿ ಬರೆದಿದ್ದೇವೆ. ಅದು ಜರ್ಮನಿಯ ಹ್ಯಾನಿಗ್ 1901ರಲ್ಲಿ ಕಂಡ ಅತಿ ಸಣ್ಣ ವ್ಯತ್ಯಾಸಗಳನ್ನು ಮುಂದಿನವರು ಹಿಗ್ಗಿಸಿ ಓದಿದ್ದರ ಫಲ. ರುಚಿಮೊಗ್ಗುಗಳಿರುವ ಕಡೆಯೆಲ್ಲ ಎಲ್ಲ ರುಚಿಗಳೂ ತಿಳಿಯುತ್ತವೆ. ಹುಳಿಯನ್ನು ಗುರುತಿಸುವ ಪ್ರೋಟೀನು ‘ಓಟಾಪ್ 1’ ಎಂಬುದು 2019ರಲ್ಲಿ ದೃಢಪಟ್ಟಿತು. ಆದರೆ ನಾವು ‘ರುಚಿ’ ಎನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ಬಾಯಲ್ಲಿ ಬೆಚ್ಚಗಾದ ದ್ರವದ ಆವಿ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ನೆಗಡಿಯಾದಾಗ ಸಾರು ಸಪ್ಪೆಯಾಗುವುದು ಇದಕ್ಕೇ. ಮೂಗಿನಲ್ಲಿ ವಾಸನೆ ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಇವುಗಳ ಜೀನುಗಳನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಪ್ರಶಸ್ತಿ ಸಂದಿತು.

ನಾಲಿಗೆಗೂ ಪರೀಕ್ಷೆ ಬೇಕು

ಯಾವ ಉಪಕರಣವೂ ದೋಷರಹಿತವಲ್ಲ. ನಾಲಿಗೆ ಮೂಗುಗಳೂ ಅಷ್ಟೇ. ಫ್ರಾನ್ಸಿನ ಬೋರ್ಡೊದಲ್ಲಿ ಮೊರೋ, ಬ್ರೋಷೆ, ದ್ಯೂಬೂರ್ದಿಯೊ ಎಂಬವರು ನಡೆಸಿದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ 54 ಮಂದಿಗೆ ಕೊಟ್ಟರು. ಅವರು ಆ ವೈನನ್ನು ಕೆಂಪು ವೈನಿಗೆ ಬಳಸುವ ಪದಗಳಿಂದಲೇ ವರ್ಣಿಸಿದರು. ಕಣ್ಣು ಕಂಡದ್ದನ್ನು ಮೂಗು ಒಪ್ಪಿಕೊಂಡಿತ್ತು. ಹಾಗಿರುವಾಗ ‘ನಾಲ್ಕು ತಂಪು ಸೀಮೆಗಳ ಮಿಶ್ರಣ’ ಎಂದು ಮೊದಲೇ ಹೇಳಿ ರುಚಿ ಕೇಳಿದರೆ ನಾಲ್ಕೂ ಸೀಮೆಗಳ ರುಚಿ ಬಾರದೇ ಇದ್ದೀತೆ?

ಇದಕ್ಕೆ ಮದ್ದು ‘ತ್ರಿಕೋನ ಪರೀಕ್ಷೆ’. ಮೂರು ಲೋಟ, ಎರಡರಲ್ಲಿ ಒಂದೇ ದ್ರವ, ಒಂದರಲ್ಲಿ ಬೇರೆ. ಲೋಟಗಳಿಗೆ ಅರ್ಥವಿಲ್ಲದ ಮೂರಂಕಿಯ ಸಂಖ್ಯೆ. ಬೇರೆಯದು ಯಾವುದು ಎಂದಷ್ಟೇ ಕೇಳಬೇಕು. ಏನೂ ತಿಳಿಯದೆ ಊಹಿಸಿದವರೂ ಮೂವರಲ್ಲಿ ಒಬ್ಬರು ಸರಿಯಾಗುತ್ತಾರೆ. 12 ಮಂದಿ ಕುಳಿತರೆ ಬರಿಯ ಊಹೆಯಿಂದ ಸರಾಸರಿ 4 ಸರಿ ಉತ್ತರ ಬರುತ್ತವೆ. 7 ಅಥವಾ ಹೆಚ್ಚು ಬರುವ ಸಂಭವನೀಯತೆ 6.6 ಶೇಕಡಾ; 8 ಅಥವಾ ಹೆಚ್ಚು ಬರುವುದು 1.9 ಶೇಕಡಾ. ವಿಜ್ಞಾನದಲ್ಲಿ ರೂಢಿಯ 5 ಶೇಕಡಾ ಮಿತಿ ಇಟ್ಟುಕೊಂಡರೆ 12ರಲ್ಲಿ 8 ಮಂದಿ ಸರಿ ಹೇಳಿದಾಗ ಮಾತ್ರ ‘ವ್ಯತ್ಯಾಸವಿದೆ’ ಎನ್ನಬಹುದು. ಒಂದು ಸೀಮೆಯ ಪಾಲನ್ನು 10ರಿಂದ 15 ಶೇಕಡಾಕ್ಕೆ ಏರಿಸಿದ್ದು ನಾಲಿಗೆಗೆ ತಿಳಿಯುತ್ತದೆಯೇ ಎಂಬಂಥ ಪ್ರಶ್ನೆಗೆ ಉತ್ತರ ಹೀಗೆ ಸಿಗುತ್ತದೆ. ವರ್ಣನೆಯ ಪದಗಳಿಂದ ಅಲ್ಲ.

ತರಗತಿಯಲ್ಲಿ

ಹೈಸ್ಕೂಲು, ಪದವಿಪೂರ್ವ ಕಾಲೇಜುಗಳಲ್ಲಿ ಇದನ್ನು ಹೀಗೆ ಮಾಡಬಹುದು. ಹುಳಿ ದ್ರಾಕ್ಷಿಯ ರಸ ಒಂದು, ಚೆನ್ನಾಗಿ ಮಾಗಿದ ದ್ರಾಕ್ಷಿಯ ರಸ ಇನ್ನೊಂದು ಸಿದ್ಧಮಾಡಿ. ದ್ರಾಕ್ಷಿ ಸಿಗದ ಕಾಲದಲ್ಲಿ ಹುಣಸೆಹಣ್ಣಿನ ತಿಳಿನೀರನ್ನು ಎರಡು ಸಾರತೆಗಳಲ್ಲಿ ಬಳಸಿ. 10 ಮಿ.ಲೀ. ರಸಕ್ಕೆ ಸ್ವಲ್ಪ ನೀರು, ಎರಡು ಹನಿ ಫಿನಾಲ್ಫ್ತಲೀನ್ ಸೇರಿಸಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಅನುಮಾಪನ ಮಾಡಿ. ಈ ದ್ರಾವಣದ 1 ಮಿ.ಲೀ. 7.5 ಮಿಲಿಗ್ರಾಂ ಟಾರ್ಟಾರಿಕ್ ಆಮ್ಲಕ್ಕೆ ಸಮ. 8 ಮಿ.ಲೀ. ಹಿಡಿದರೆ 60 ಮಿಲಿಗ್ರಾಂ, ಅಂದರೆ ಲೀಟರಿಗೆ 6 ಗ್ರಾಂ. ನಂತರ ಎರಡೂ ರಸಗಳನ್ನು ಸಮಪಾಲು ಬೆರೆಸುವ ಮೊದಲೇ ಮಿಶ್ರಣದ ಒಟ್ಟು ಆಮ್ಲ ಮತ್ತು ಪಿಎಚ್ ಎಷ್ಟಿರಬೇಕೆಂದು ವಿದ್ಯಾರ್ಥಿಗಳು ಬರೆದಿಡಲಿ. ಬೆರೆಸಿ ಅಳೆದಾಗ ಆಮ್ಲದ ಊಹೆ ಸರಿಹೊಂದುತ್ತದೆ. ಪಿಎಚ್‌ನ ಊಹೆ ಹೊಂದುತ್ತದೆಯೇ ಇಲ್ಲವೇ ಎಂಬುದೇ ಅಂದಿನ ಪಾಠ. ಪಿಎಚ್ ಮೀಟರ್ ಇದ್ದರೆ ಉತ್ತಮ. ಕಾಗದದಿಂದ ಇಷ್ಟು ಸೂಕ್ಷ್ಮ ವ್ಯತ್ಯಾಸ ತಿಳಿಯುವುದು ಕಷ್ಟ.

ತ್ರಿಕೋನ ಪರೀಕ್ಷೆಗೆ ನಿಂಬೆಹಣ್ಣಿನ ಪಾನಕ ಸಾಕು. ಒಂದಕ್ಕೆ ಲೀಟರಿಗೆ ಒಂದು ಚಮಚ ನಿಂಬೆರಸ ಹೆಚ್ಚು ಹಾಕಿ, 12 ವಿದ್ಯಾರ್ಥಿಗಳನ್ನು ಕೂರಿಸಿ. ನಡುನಡುವೆ ನೀರಿನಿಂದ ಬಾಯಿ ಮುಕ್ಕಳಿಸಲಿ. ಒಬ್ಬರ ಉತ್ತರ ಇನ್ನೊಬ್ಬರಿಗೆ ಕೇಳಿಸಬಾರದು. ರುಚಿ ನೋಡುವ ರಸವನ್ನು ಮನೆಯ ಪಾತ್ರೆಗಳಲ್ಲೇ ಮಾಡಬೇಕು; ಪ್ರಯೋಗಶಾಲೆಯ ಗಾಜಿನ ಸಾಮಾನಿನಲ್ಲಿದ್ದ ಯಾವುದನ್ನೂ ಬಾಯಿಗೆ ಹಾಕಕೂಡದು. ಈ ಎಚ್ಚರಿಕೆಯನ್ನು ಶಿಕ್ಷಕರು ಮರೆಯಬಾರದು.

ಈ ಪಾಠ ವೈನಿನ ಶೀಶೆಗಷ್ಟೇ ಸೀಮಿತವಲ್ಲ. ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಹೊಸದಾಗಿ ದ್ರಾಕ್ಷಿ ನೆಡಲು ಹೊರಟ ರೈತ ಯಾವ ತಳಿ, ಯಾವ ತಿಂಗಳ ಚಾಟನಿ, ಯಾವ ಮಾರುಕಟ್ಟೆ ಎಂದು ನಿರ್ಧರಿಸಬೇಕು. ತಿನ್ನುವ ಹಣ್ಣಿಗೂ ಒಣದ್ರಾಕ್ಷಿಗೂ ನಮ್ಮ ಬಿಸಿಲು ವರ; ಬಿಳಿ ವೈನಿನ ತಳಿಗೆ ಅದೇ ಬಿಸಿಲು ಸವಾಲು. ಬಳ್ಳಿ ಒಮ್ಮೆ ನೆಟ್ಟರೆ ಹಲವು ವರ್ಷಗಳ ಬಂಡವಾಳ. ಬಿಸಿ ಸೀಮೆಯ ಎರಡು ವೈನುಗಳನ್ನು ಎಷ್ಟು ಜಾಣತನದಿಂದ ಬೆರೆಸಿದರೂ ತಂಪು ಸೀಮೆಯ ವೈನ್ ಆಗದು. ಸರಾಸರಿ ಎಂದೂ ತನ್ನ ಎರಡು ತುದಿಗಳನ್ನು ದಾಟಲಾರದು. ಹೊಲದಲ್ಲಿ ಕನಿಷ್ಠ-ಗರಿಷ್ಠ ತಾಪಮಾಪಕ ಒಂದನ್ನು ತೂಗುಹಾಕಿ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ದಿನವೂ ಎರಡು ಅಂಕಿ ಬರೆದಿಟ್ಟರೆ ಡಿಗ್ರಿ-ದಿನಗಳ ಲೆಕ್ಕ ರೈತನ ಕೈಗೇ ಸಿಗುತ್ತದೆ. ಆ ಪಟ್ಟಿಯನ್ನು ಬರೆಯುವ ಕೆಲಸವನ್ನು ಊರಿನ ಶಾಲೆಯ ವಿದ್ಯಾರ್ಥಿಗಳು ಈ ವರ್ಷವೇ ಆರಂಭಿಸಬಹುದು.